ಊರಿನ ಕೊಳಚೆ ಊರಲ್ಲೇ ಶುದ್ಧವಾಗಲಿ

ಮನೆಯ ಬಾಗಿಲಿಗೆ ನಲ್ಲಿ ನೀರು ಬಂದಾಗ ನಾವೆಲ್ಲರೂ ಸಂತೋಷಪಟ್ಟೆವು. ಕೊಡ ಹೊತ್ತು ದೂರ ನಡೆಯುತ್ತಿದ್ದ ತಾಯಂದಿರ ಬವಣೆ ಅದರಿಂದ ಎಷ್ಟೋ ತಗ್ಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ದಾವಣಗೆರೆ ಜಿಲ್ಲೆಯ ಈ ನಾಲ್ಕೂ ಪಟ್ಟಣಗಳಲ್ಲಿ ನೀರಿನ ಮಾತು ಬಂದರೆ ಅದು ನೀರು ಬರುವ ಮಾತೇ ಆಗಿರುತ್ತದೆ. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎಷ್ಟು ಹೊತ್ತು ಬಿಡುತ್ತಾರೆ, ಯಾವ ಓಣಿಗೆ ಮೊದಲು ಬಿಡುತ್ತಾರೆ ಎಂದು ವಿಚಾರಿಸುತ್ತೇವೆ. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸುವವರು ವಿರಳ. ಬಚ್ಚಲಿನಿಂದ ಹೊರಬಿದ್ದ ನೀರು ಮೋರಿ ಸೇರಿದರೆ, ಶೌಚದ ನೀರು ಗುಂಡಿ ಸೇರಿದರೆ ಅಲ್ಲಿಗೆ ನಮ್ಮ ಹೊಣೆ ಮುಗಿಯಿತೆಂದು ಭಾವಿಸುತ್ತೇವೆ.

ಆದರೆ ಆ ನೀರು ಮತ್ತೊಬ್ಬರ ಬಾವಿಗೋ, ಹೊಳೆಗೋ, ಕೆರೆಗೋ ಹೋಗುತ್ತದೆ. ಕೆಲವೊಮ್ಮೆ ನಮ್ಮದೇ ಕೊಳವೆಬಾವಿಗೆ ಮರಳುತ್ತದೆ. ಆದ್ದರಿಂದ ಕೊಳಚೆ ನೀರಿನ ಶುದ್ಧೀಕರಣವನ್ನು ಎಂಜಿನಿಯರುಗಳಿಗೂ ಗುತ್ತಿಗೆದಾರರಿಗೂ ಬಿಟ್ಟುಬಿಡದೆ, ಲಸಿಕೆಯಷ್ಟೇ, ತಾಯಿಯ ಹಾಲಿನಷ್ಟೇ ಮುಖ್ಯವಾದ ಆರೋಗ್ಯದ ಕಾರ್ಯವೆಂದು ನಾವು ತಿಳಿಯಬೇಕು. ದೊಡ್ಡ ನಗರಗಳ ವ್ಯವಸ್ಥೆ ನಮಗೂ ಬರಲಿ ಎಂದು ಕಾಯುತ್ತ ಕುಳಿತುಕೊಳ್ಳದೆ, ನಮ್ಮ ಊರಿನ ಅಳತೆಗೆ ತಕ್ಕ ಸಣ್ಣ ವ್ಯವಸ್ಥೆಯನ್ನು ಕೇಳಿ ಪಡೆದು, ಅದನ್ನು ನಿಲ್ಲದಂತೆ ನಡೆಸಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ಒಂದು ಊರಿನ ಲೆಕ್ಕ

ಇಪ್ಪತ್ತು ಸಾವಿರ ಜನರಿರುವ ಒಂದು ಪಟ್ಟಣವನ್ನು ತೆಗೆದುಕೊಳ್ಳೋಣ. ಒಳಚರಂಡಿ ಇಲ್ಲದ ಊರಿಗೆ ತಲೆಗೆ ದಿನಕ್ಕೆ 70 ಲೀಟರ್, ಒಳಚರಂಡಿ ಇರುವ ಊರಿಗೆ 135 ಲೀಟರ್ ನೀರು ಕೊಡಬೇಕೆಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿ. ಹೀಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಬಳಕೆಯಾಗಿ ಹೊರಗೆ ಹೋಗುತ್ತದೆಂದು ಲೆಕ್ಕ ಹಾಕುವುದು ವಾಡಿಕೆ. ಅಂದರೆ ಇಂತಹ ಒಂದು ಊರಿನಿಂದ ದಿನಕ್ಕೆ 11 ಲಕ್ಷದಿಂದ 21 ಲಕ್ಷ ಲೀಟರ್‌ವರೆಗೆ ಕೊಳಚೆ ನೀರು ಹುಟ್ಟುತ್ತದೆ. ನಲ್ಲಿಗಳು ಹೆಚ್ಚಿದಂತೆ, ನೀರು ದಿನವೂ ಬರತೊಡಗಿದಂತೆ ಈ ಪ್ರಮಾಣವೂ ಏರುತ್ತದೆ. ನೀರು ತರುವ ಯೋಜನೆಗಳೆಲ್ಲ ಕೊಳಚೆ ಹೆಚ್ಚಿಸುವ ಯೋಜನೆಗಳೂ ಹೌದು ಎಂಬುದನ್ನು ನಾವು ಮರೆಯುತ್ತೇವೆ.

ದೇಶದ ಲೆಕ್ಕವೂ ಆಶಾದಾಯಕವಾಗಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2021ರಲ್ಲಿ ಪ್ರಕಟಿಸಿದ ವರದಿಯಂತೆ ಭಾರತದ ನಗರ ಪಟ್ಟಣಗಳಲ್ಲಿ ದಿನಕ್ಕೆ 7,236 ಕೋಟಿ ಲೀಟರಿಗೂ ಹೆಚ್ಚು ಕೊಳಚೆ ನೀರು ಹುಟ್ಟುತ್ತದೆ. ಶುದ್ಧಗೊಳಿಸಲು ಕಟ್ಟಿರುವ ಸ್ಥಾವರಗಳ ಸಾಮರ್ಥ್ಯ ಅದರ ಅರ್ಧಕ್ಕೂ ಕಡಿಮೆ. ಆ ಸ್ಥಾವರಗಳಲ್ಲಿ ನಿಜವಾಗಿ ಶುದ್ಧವಾಗುತ್ತಿರುವುದು ಸುಮಾರು 2,023 ಕೋಟಿ ಲೀಟರ್ ಮಾತ್ರ, ಅಂದರೆ ನೂರಕ್ಕೆ 28 ಭಾಗ. ಕಟ್ಟಿದ ಸ್ಥಾವರಗಳೂ ಪೂರ್ಣವಾಗಿ ನಡೆಯುತ್ತಿಲ್ಲ ಎಂಬ ಮಾತು ಈ ಅಂಕಿಗಳಲ್ಲೇ ಇದೆ. ಇದಕ್ಕೆ ಮುಂದೆ ಮರಳುತ್ತೇವೆ.

ನೀರಿನ ದಾರಿ

ಹೊನ್ನಾಳಿ ತುಂಗಭದ್ರೆಯ ದಡದ ಊರು. ಕೂಡಲಿಯಲ್ಲಿ ತುಂಗೆ ಭದ್ರೆಯರು ಒಂದಾಗಿ ಹರಿದು ಬಂದ ಹೊಳೆ ಹೊನ್ನಾಳಿಯನ್ನು ದಾಟಿ ಹರಿಹರದ ಕಡೆಗೆ ಸಾಗುತ್ತದೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ಅದೇ ಹೊಳೆಯ ನೀರನ್ನೆತ್ತಿ ದಾವಣಗೆರೆ ಭಾಗದ 22 ಕೆರೆಗಳಿಗೆ ಹರಿಸುವ ಯೋಜನೆಯಿದೆ. ಅದೇ ತಾಲ್ಲೂಕಿನ ದೀಟೂರಿನ ಬಳಿ ನೀರೆತ್ತಿ ಬರದ ನಾಡಾದ ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಅದರ ನಂತರ ಬಂದಿತು. ತಲೆಮಾರುಗಳಿಂದ ಮಳೆಯ ಮುಖ ನೋಡುತ್ತಿದ್ದ ಜಗಳೂರಿನ ರೈತನಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಆದರೆ ಈ ದಾರಿಯನ್ನು ಒಮ್ಮೆ ಹಿಂದಕ್ಕೆ ನೋಡೋಣ. ಹೊನ್ನಾಳಿಯಲ್ಲಾಗಲಿ, ಅದರ ಮೇಲಿನ ಊರುಗಳಲ್ಲಾಗಲಿ ಹೊಳೆಗೆ ಏನನ್ನು ಬಿಡುತ್ತೇವೆಯೋ ಅದರ ಒಂದು ಪಾಲು ಜಗಳೂರಿನ ಕೆರೆಯನ್ನೂ ಮುಟ್ಟಬಲ್ಲದು. ಹಿಂದೆ ಹೊಳೆಯ ದಡದವರಿಗೂ ಬಯಲುಸೀಮೆಯವರಿಗೂ ನೀರಿನ ಸಂಬಂಧವಿರಲಿಲ್ಲ. ಇಂದು ಒಂದೇ ಪಾತ್ರೆಯ ನೀರನ್ನು ಇಬ್ಬರೂ ಹಂಚಿಕೊಂಡಿದ್ದಾರೆ.

ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾದ ನ್ಯಾಮತಿಯಂತಹ ಊರಿನಲ್ಲಿ ಕಚೇರಿಗಳು, ಅಂಗಡಿಗಳು, ಹೊಸ ಬಡಾವಣೆಗಳು ಏಳುವುದು ಸಹಜ. ಮನೆಗಳೆದ್ದ ಮೇಲೆ ಕೊಳಚೆಗೆ ದಾರಿ ಹುಡುಕುವುದು ಬಹಳ ಕಷ್ಟ. ಬೆಳೆಯುವ ಊರಿಗೆ ಈಗಲೇ ಜಾಗ ಗುರುತಿಸಿಕೊಳ್ಳುವ ಅನುಕೂಲವಿದೆ. ಚನ್ನಗಿರಿ ಅಡಿಕೆಯ ನಾಡು. ತೋಟಗಳು ನಾಲೆ, ಕೆರೆ, ಕೊಳವೆಬಾವಿಗಳನ್ನು ನಂಬಿವೆ. ಅದೇ ತಾಲ್ಲೂಕಿನ ಶಾಂತಿಸಾಗರ, ನಮ್ಮ ಬಾಯಲ್ಲಿ ಸೂಳೆಕೆರೆ, ಚಿತ್ರದುರ್ಗ ನಗರದವರೆಗೂ ಕುಡಿಯುವ ನೀರು ಕೊಟ್ಟಿದೆ. ಜಗಳೂರಿನ ಕಥೆಯೇ ಬೇರೆ. ಅಲ್ಲಿ ನೀರು ಕಡಿಮೆ, ಕೊಳವೆಬಾವಿ ಆಳ, ಫ್ಲೋರೈಡಿನ ತೊಂದರೆ ಹಳೆಯದು. ನೀರು ಇಷ್ಟು ದುರ್ಲಭವಾದ ಕಡೆ ಇರುವ ಅಲ್ಪ ಅಂತರ್ಜಲಕ್ಕೂ ಶೌಚದ ನೀರು ಸೇರಿದರೆ ಜನರಿಗೆ ಉಳಿಯುವುದೇನು?

ರೋಗದ ದಾರಿ

ವಾಂತಿಭೇದಿ, ಕಾಲರಾ, ವಿಷಮಶೀತ ಜ್ವರ, ನೀರಿನಿಂದ ಬರುವ ಕಾಮಾಲೆ, ಜಂತುಹುಳು, ಆಮಶಂಕೆ. ಇವೆಲ್ಲವುಗಳ ದಾರಿ ಒಂದೇ: ಒಬ್ಬರ ಮಲದಲ್ಲಿರುವ ರೋಗಾಣು ಇನ್ನೊಬ್ಬರ ಬಾಯಿಯನ್ನು ತಲುಪುವುದು. ನಡುವೆ ನೀರು, ಕೈ, ನೊಣ, ಹಸಿ ತರಕಾರಿ, ಹೊಲದ ಮಣ್ಣು ಇವುಗಳಲ್ಲಿ ಯಾವುದಾದರೊಂದು ಇರುತ್ತದೆ. ಕಾಮಾಲೆಯಲ್ಲಿ ಹೆಪಟೈಟಿಸ್-ಇ ಎಂಬ ಬಗೆ ಬಸುರಿಯರಿಗೆ ಪ್ರಾಣಾಂತಿಕವಾಗಬಲ್ಲದು. ಪದೇ ಪದೇ ಭೇದಿಗೆ ಒಳಗಾಗುವ ಮಗು ತಿಂದ ಅನ್ನವನ್ನು ದೇಹಕ್ಕೆ ಹತ್ತಿಸಿಕೊಳ್ಳಲಾರದೆ ಕುಂಠಿತವಾಗುತ್ತದೆ. ಮಗುವಿಗೆ ಎಷ್ಟು ಉಣ್ಣಿಸಿದರೂ ಮೈಗೆ ಹತ್ತುವುದಿಲ್ಲ ಎಂದು ಕೊರಗುವ ತಾಯಂದಿರು ಮನೆಯ ಮುಂದಿನ ಮೋರಿಯ ಕಡೆಗೂ ಒಮ್ಮೆ ನೋಡಬೇಕು.

ಇದು ದೂರದ ಮಾತಲ್ಲ. ಜಗಳೂರಿಗೆ ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್ ತಿಂಗಳಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ನಲ್ಲಿಯ ಕೊಳವೆ ಮೋರಿಯೊಳಗೆ ಹಾದುಹೋಗುವ ಊರುಗಳಲ್ಲಿ ಇಂತಹ ಅಪಾಯ ಸದಾ ಕಾದಿರುತ್ತದೆ. ನೀರು ಬಿಟ್ಟಾಗ ಕೊಳವೆಯೊಳಗಿನ ಒತ್ತಡ ಕೊಳೆಯನ್ನು ಹೊರಗಿಡುತ್ತದೆ. ನೀರು ನಿಂತಾಗ ಒತ್ತಡ ತಗ್ಗಿ, ಸಣ್ಣ ಬಿರುಕಿನ ಮೂಲಕ ಮೋರಿಯ ನೀರು ಒಳಗೆ ಸೇರುತ್ತದೆ. ವಾರಕ್ಕೆರಡು ದಿನ ನೀರು ಬರುವ ಊರಿಗೆ ಈ ಅಪಾಯ ದಿನವೂ ಬರುವ ಊರಿಗಿಂತ ಹೆಚ್ಚು.

ಕೆಲವು ಭಕ್ತರು ನಾವು ಘಟಕದ ಶುದ್ಧ ನೀರನ್ನೇ ಕುಡಿಯುತ್ತೇವೆ, ನಮಗೇನು ಭಯ ಎನ್ನುವುದುಂಟು. ಕ್ಯಾನಿನ ನೀರು ಕುಡಿದರೂ ಬಾಯಿ ಮುಕ್ಕಳಿಸುವುದು, ಪಾತ್ರೆ ತೊಳೆಯುವುದು, ಸೊಪ್ಪು ತೊಳೆಯುವುದು ನಲ್ಲಿಯ ನೀರಿನಲ್ಲೇ. ಕ್ಯಾನಿನ ನೀರು ಕೊಳ್ಳಲಾರದ ಮನೆಗಳೂ ನಮ್ಮ ಊರಿನವೇ. ಇನ್ನು ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ. ಆದರೆ ಶೌಚಗುಂಡಿಯಿಂದ ಅಂತರ್ಜಲಕ್ಕೆ ಇಳಿದ ನೈಟ್ರೇಟ್ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಅದು ಹೆಚ್ಚಾದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತ ಆಮ್ಲಜನಕವನ್ನು ಹೊರಲಾರದೆ ಮೈ ನೀಲಿಗಟ್ಟಬಹುದು. ಕುದಿಸಿದಷ್ಟೂ ನೀರು ಆವಿಯಾಗಿ ನೈಟ್ರೇಟ್ ಸಾಂದ್ರವಾಗುತ್ತದೆ.

ಸೊಳ್ಳೆಯ ಬಗ್ಗೆಯೂ ಒಂದು ಮಾತು. ಡೆಂಗಿ ಹರಡುವ ಸೊಳ್ಳೆ ತೊಟ್ಟಿ, ಡ್ರಮ್ಮುಗಳ ತಿಳಿನೀರಿನಲ್ಲಿ ಹುಟ್ಟುತ್ತದೆ. ಮೋರಿಯ ಕೊಳೆನೀರಿನಲ್ಲಿ, ತೆರೆದ ಶೌಚಗುಂಡಿಯಲ್ಲಿ ಹುಟ್ಟುವುದು ಆನೆಕಾಲು ರೋಗ ಹರಡಬಲ್ಲ ಕ್ಯೂಲೆಕ್ಸ್ ಸೊಳ್ಳೆ. ಎರಡಕ್ಕೂ ಬೇರೆ ಬೇರೆ ಮದ್ದು ಬೇಕು. ತೊಟ್ಟಿ ಮುಚ್ಚಿದ ಮಾತ್ರಕ್ಕೆ ಮೋರಿಯ ಸೊಳ್ಳೆ ಹೋಗದು.

ಸೆಪ್ಟಿಕ್ ಟ್ಯಾಂಕಿನ ಭ್ರಮೆ

ನಮ್ಮ ಪಟ್ಟಣಗಳಲ್ಲಿ ಬಹಳ ಮನೆಗಳ ಶೌಚಾಲಯ ಗುಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಸೇರುತ್ತದೆ. ನಾವು ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದರಲ್ಲಿ ಅನೇಕವು ನಿಜಕ್ಕೂ ತಳವಿಲ್ಲದ ಗುಂಡಿಗಳು. ಕಲ್ಲನ್ನೋ ಸಿಮೆಂಟಿನ ರಿಂಗುಗಳನ್ನೋ ಜೋಡಿಸಿ ಆಳಕ್ಕೆ ಇಳಿಸಿರುತ್ತೇವೆ. ಹತ್ತು ವರ್ಷವಾದರೂ ತುಂಬಿಲ್ಲ ಎಂದು ಅದನ್ನು ಹೊಗಳುವವರಿದ್ದಾರೆ. ತುಂಬದ ಗುಂಡಿ ಒಳ್ಳೆಯ ಗುಂಡಿಯಲ್ಲ. ಅದರಲ್ಲಿದ್ದುದು ನೆಲದೊಳಕ್ಕೆ ಇಳಿದು ಹೋಗಿರುತ್ತದೆ. ಕಲ್ಲಿನ ಸೀಳುಗಳಿರುವ ನೆಲದಲ್ಲಿ ಅದು ಹತ್ತಿರದ ಕೊಳವೆಬಾವಿಯವರೆಗೆ ಸಾಗಬಲ್ಲದು.

ಸರಿಯಾದ ಸೆಪ್ಟಿಕ್ ಟ್ಯಾಂಕಿಗೆ ನೀರು ಸೋರದ ತಳ, ನೀರು ಸೋರದ ಗೋಡೆ, ನಡುವೆ ಅಡ್ಡಗೋಡೆಯಿಂದಾದ ಎರಡು ಕೋಣೆ, ಗಾಳಿ ಹೋಗಲು ಕೊಳವೆ, ಮೇಲೆ ಭದ್ರವಾದ ಮುಚ್ಚಳ ಇರಬೇಕು. ಗಟ್ಟಿಯಾದುದು ತಳಕ್ಕಿಳಿದು ಕೊಳೆಯುತ್ತದೆ; ತಿಳಿಯಾದುದು ಹೊರಬರುತ್ತದೆ. ಹೊರಬಂದ ತಿಳಿನೀರು ಕಣ್ಣಿಗೆ ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರುತ್ತದೆ. ಆದ್ದರಿಂದ ಅದನ್ನು ಮೋರಿಗೆ ಬಿಡದೆ ಇಂಗುಗುಂಡಿಗೆ ಬಿಡಬೇಕು. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕೆಂದು ಮಾನಕವಿದೆ. ಮೂವತ್ತು ನಲವತ್ತರ ಅಳತೆಯ ನಿವೇಶನದಲ್ಲಿ ಗುಂಡಿ, ಕೊಳವೆಬಾವಿ, ಸಂಪು ಮೂರನ್ನೂ ಇರಿಸಿಕೊಂಡವರು ಈ ಅಂತರವನ್ನು ಎಲ್ಲಿಂದ ತರಬೇಕು? ಒಂದೊಂದು ಮನೆಯೂ ತಾನೇ ಪರಿಹರಿಸಿಕೊಳ್ಳಲಾರದ ಸಮಸ್ಯೆ ಇದು. ಇದಕ್ಕೆ ಊರೇ ಕೂಡಿ ದಾರಿ ಕಾಣಬೇಕು.

ಟ್ಯಾಂಕಿನ ತಳದಲ್ಲಿ ಕೂಡಿದ ಕೆಸರನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು. ನಾವು ತೆಗೆಸುವುದು ಕಟ್ಟಿಕೊಂಡು ಮನೆಯೊಳಗೆ ವಾಸನೆ ಬಂದಾಗ. ಆಗ ಅವಸರವಾಗಿ ಸಕ್ಕಿಂಗ್ ಯಂತ್ರದ ಗಾಡಿಯನ್ನು ಕರೆಯುತ್ತೇವೆ. ಗಾಡಿಯವನು ಹಣ ಪಡೆದು ಹೋಗುತ್ತಾನೆ. ಅದನ್ನೆಲ್ಲಿ ಸುರಿಯುತ್ತೀಯಪ್ಪಾ ಎಂದು ನಾವು ಕೇಳುವುದಿಲ್ಲ. ಸುರಿಯಲು ಊರಿನಲ್ಲಿ ನಿಗದಿಯಾದ ಜಾಗವೇ ಇಲ್ಲದಿದ್ದರೆ ಅವನು ತಾನೇ ಏನು ಮಾಡಿಯಾನು? ಹಳ್ಳ, ಪಾಳು ಕ್ವಾರಿ, ರಸ್ತೆ ಬದಿ, ಯಾರದೋ ಹೊಲ ಅವನ ಪಾಲಿನ ಜಾಗಗಳಾಗುತ್ತವೆ. ಒಂದು ಗಾಡಿಯಲ್ಲಿ ಮೂರು ನಾಲ್ಕು ಸಾವಿರ ಲೀಟರ್ ಕೆಸರಿರುತ್ತದೆ. ನಾವು ಮನೆಯಲ್ಲಿ ಶೌಚಾಲಯ ಕಟ್ಟಿಕೊಂಡು ಬಯಲುಶೌಚ ಬಿಟ್ಟೆವೆಂದು ಹೇಳಿಕೊಳ್ಳುತ್ತೇವೆ. ಮೂರು ವರ್ಷದ ಬಯಲುಶೌಚ ಒಂದೇ ದಿನ ಗಾಡಿಯಲ್ಲಿ ಬಯಲಿಗೆ ಬೀಳುತ್ತದೆ.

ಗುಂಡಿಗೆ ಇಳಿಯುವವನು

ಈ ವಿಷಯದಲ್ಲಿ ಪ್ರಾಣಹಾನಿಯ ಮಾತನ್ನು ಬಿಟ್ಟು ಮುಂದೆ ಹೋಗಲಾಗದು. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ತುಂಬಿರುತ್ತವೆ. ಉಸಿರಾಡುವ ಆಮ್ಲಜನಕ ಇರುವುದಿಲ್ಲ. ಇಳಿದವನು ಕೆಲವು ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ. ಕೊಳೆತ ಮೊಟ್ಟೆಯ ವಾಸನೆ ನಿಂತುಹೋದರೆ ಅಪಾಯ ಕಳೆಯಿತೆಂದು ತಿಳಿಯಬಾರದು. ಅನಿಲ ಹೆಚ್ಚಾದಾಗ ಮೂಗು ಅದನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕದ ಗೌರವ ಹೆಚ್ಚಿಸಿದರು. 2013ರ ಕೇಂದ್ರ ಕಾಯ್ದೆಯು ರಕ್ಷಣೆಯಿಲ್ಲದೆ ಮನುಷ್ಯನನ್ನು ಒಳಚರಂಡಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಇಳಿಸುವುದನ್ನು ಅಪರಾಧವೆಂದು ಸಾರಿತು. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಇಂತಹ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಕೂಲಿ ಕೊಟ್ಟು ಇಳಿಸಿದ ಮನೆಯ ಯಜಮಾನನೂ ಕಾನೂನಿನ ಹೊರಗಿಲ್ಲ ಎಂಬುದನ್ನು ಭಕ್ತರು ತಿಳಿದಿರಬೇಕು.

ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಾವು ಸಭೆಗಳಲ್ಲಿ ಆಡುತ್ತೇವೆ. ಅದೇ ದಿನ ಮನೆಯ ಹಿತ್ತಲಿನಲ್ಲಿ ಗುಂಡಿ ತೆಗೆಯಲು ಬಂದವನಿಗೆ ಕುಡಿಯುವ ನೀರನ್ನು ದೂರದಲ್ಲಿರಿಸಿ ಕೊಡುವುದಾದರೆ ಆ ಮಾತಿಗೆ ಬೆಲೆಯೇನು? ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಯಂತ್ರ ನಡೆಸುವವನಿಗೆ ಕೈಗವಸು, ಬೂಟು, ಲಸಿಕೆ, ನ್ಯಾಯವಾದ ಸಂಬಳ ದೊರೆಯುವಂತೆ ನೋಡಿಕೊಳ್ಳುವುದು ಕಾಯಕ ತತ್ತ್ವಕ್ಕೆ ನಾವು ತೋರಬಹುದಾದ ನಿಜವಾದ ಗೌರವ.

ಸಣ್ಣ ಊರಿಗೆ ಸಣ್ಣ ವ್ಯವಸ್ಥೆ

ಎಲ್ಲ ಬೀದಿಗಳಿಗೂ ಒಳಚರಂಡಿ, ಕೊನೆಯಲ್ಲೊಂದು ದೊಡ್ಡ ಶುದ್ಧೀಕರಣ ಸ್ಥಾವರ ಎಂಬುದು ಪರಿಚಿತ ಮಾದರಿ. ಆಗುವಂತಿದ್ದರೆ ಒಳ್ಳೆಯದೇ. ಆದರೆ ಅದಕ್ಕೆ ಬೀದಿ ಬೀದಿ ಅಗೆಯಬೇಕು, ಇಳಿಜಾರು ಬೇಕು, ಪಂಪಿಗೆ ವಿದ್ಯುತ್ ಬೇಕು. ಕೊಳವೆಯಲ್ಲಿ ಮಲ ನಿಲ್ಲದೆ ಹರಿಯಲು ಸಾಕಷ್ಟು ನೀರೂ ಬೇಕು. ನೀರಿನ ಕೊರತೆಯ ಜಗಳೂರಿನಂತಹ ಊರಿನಲ್ಲಿ ಈ ಕೊನೆಯ ಮಾತೇ ದೊಡ್ಡದು. ಬಹಳ ವರ್ಷಗಳ ಕೆಲಸ, ಬಹಳ ಕೋಟಿಗಳ ವೆಚ್ಚ. ಅಲ್ಲಿಯವರೆಗೆ ಗುಂಡಿಗಳ ಕೆಸರು ಎಲ್ಲಿಗೆ ಹೋಗಬೇಕು?

ಇದಕ್ಕೆ ಉತ್ತರ ಕರ್ನಾಟಕದಲ್ಲೇ ದೊರೆತಿದೆ. ಬೆಂಗಳೂರಿನ ಹತ್ತಿರದ ದೇವನಹಳ್ಳಿ 2011ರ ಜನಗಣತಿಯಲ್ಲಿ ಸುಮಾರು 28 ಸಾವಿರ ಜನರಿದ್ದ, ಒಳಚರಂಡಿಯಿಲ್ಲದ ಪಟ್ಟಣ. ಅಲ್ಲಿ 2015ರಲ್ಲಿ ಮಲಕೆಸರು ಶುದ್ಧೀಕರಣ ಘಟಕವೊಂದು ಆರಂಭವಾಯಿತು. ಒಂದು ಇಡೀ ಊರಿಗಾಗಿ ಕಟ್ಟಿದ ಇಂತಹ ಘಟಕಗಳಲ್ಲಿ ದೇಶಕ್ಕೆ ಅದೇ ಮೊದಲನೆಯದು. ದಿನಕ್ಕೆ 6 ಸಾವಿರ ಲೀಟರ್ ಕೆಸರನ್ನು ಅದು ಸ್ವೀಕರಿಸಬಲ್ಲದು. ಗಾಡಿ ತಂದ ಕೆಸರು ಮೊದಲು ಮುಚ್ಚಿದ ತೊಟ್ಟಿಗಳಲ್ಲಿ ಗಾಳಿಯಿಲ್ಲದೆ ಕೊಳೆಯುತ್ತದೆ. ಬಳಿಕ ಮರಳು, ಜಲ್ಲಿಯ ಹಾಸಿನ ಮೇಲೆ ಹರಡಿಕೊಂಡು ಒಣಗುತ್ತದೆ. ಒಣಗಿದುದನ್ನು ಊರಿನ ಹಸಿ ಕಸದೊಡನೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಗೊಬ್ಬರದ ರಾಶಿಯ ಶಾಖದಲ್ಲಿ ಹುಳುವಿನ ಮೊಟ್ಟೆಗಳು ಸಾಯುತ್ತವೆ. ಹಾಸಿನಿಂದ ಸೋಸಿ ಬಂದ ನೀರು ಶೋಧಕ ತೊಟ್ಟಿಗಳನ್ನೂ, ಗಿಡ ನೆಟ್ಟ ಜಲ್ಲಿಯ ಪಾತಿಯನ್ನೂ ಹಾದು ಹೊರಬರುತ್ತದೆ. ಬಹುಪಾಲು ಎಲ್ಲವೂ ಇಳಿಜಾರಿನ ಬಲದಿಂದಲೇ ನಡೆಯುತ್ತದೆ.

ಕೆಸರು ತೆಗೆಯುವ ಕೆಲಸವನ್ನು ಹೇಗೆ ನಡೆಸಬೇಕೆಂಬುದಕ್ಕೆ ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ವಾಯಿ ಪಟ್ಟಣ ಮಾದರಿ. ನಮ್ಮ ಕಡೆಗೆ ಹರಿದು ಬರುವ ಕೃಷ್ಣೆಯ ದಡದ ಊರು ಅದು. ಅಲ್ಲಿ ಯಾರೂ ಗುಂಡಿ ತುಂಬುವವರೆಗೆ ಕಾಯುವುದಿಲ್ಲ. ಪುರಸಭೆಯೇ ಸರದಿಯಂತೆ ಓಣಿ ಓಣಿಗೆ ಗಾಡಿ ಕಳುಹಿಸಿ, ಮೂರು ವರ್ಷಕ್ಕೊಮ್ಮೆ ಪ್ರತಿ ಮನೆಯ ಟ್ಯಾಂಕನ್ನೂ ಖಾಲಿ ಮಾಡಿಸುತ್ತದೆ. ಖರ್ಚು ತೆರಿಗೆಯೊಳಗೆ ಸೇರಿಕೊಂಡಿರುವುದರಿಂದ ಬಡವರು ಒಮ್ಮೆಲೇ ಸಾವಿರಾರು ರೂಪಾಯಿ ಎಣಿಸಬೇಕಾಗಿಲ್ಲ.

ನಮ್ಮ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡೋಣ. ಇಪ್ಪತ್ತು ಸಾವಿರ ಜನರ ಊರಿನಲ್ಲಿ ಸುಮಾರು 4,500 ಮನೆಗಳಿರಬಹುದು. ಮೂರು ವರ್ಷಕ್ಕೊಮ್ಮೆ ಎಲ್ಲವನ್ನೂ ತೆಗೆಸಬೇಕಾದರೆ ವರ್ಷಕ್ಕೆ 1,500 ಮನೆ. ವರ್ಷದಲ್ಲಿ 300 ಕೆಲಸದ ದಿನಗಳೆಂದರೆ ದಿನಕ್ಕೆ ಐದು ಮನೆ. ಒಂದೆರಡು ಗಾಡಿಗಳು, ನಾಲ್ಕೈದು ಜನರು, ದಿನಕ್ಕೆ ಹದಿನೈದು ಇಪ್ಪತ್ತು ಸಾವಿರ ಲೀಟರ್ ಕೆಸರನ್ನು ತೆಗೆದುಕೊಳ್ಳುವ ಒಂದು ಘಟಕ. ಒಂದು ಸಣ್ಣ ಪಟ್ಟಣದ ಕೈಗೆ ನಿಲುಕದ ಕೆಲಸವೇನಲ್ಲ ಇದು.

ಬಚ್ಚಲು, ಅಡುಗೆಮನೆಯ ನೀರಿಗೆ ಬೇರೆ ಉಪಾಯ ಬೇಕು. ಊರಿನ ಮೋರಿಗಳು ಹಳ್ಳ ಸೇರುವ ಮುನ್ನವೇ ಅವುಗಳನ್ನು ತಡೆದು, ಒಂದರ ನಂತರ ಒಂದರಂತೆ ಕೊಳಗಳಲ್ಲಿ ನಿಲ್ಲಿಸುವುದು ಹಳೆಯ, ನಂಬಬಹುದಾದ ವಿಧಾನ. ಆಳವಾದ ಮೊದಲ ಕೊಳದಲ್ಲಿ ಗಷ್ಟು ತಳಕ್ಕಿಳಿಯುತ್ತದೆ. ಎರಡನೆಯದರಲ್ಲಿ ಪಾಚಿ ಮತ್ತು ಸೂಕ್ಷ್ಮಜೀವಿಗಳು ಕೂಡಿ ಕೊಳೆಯನ್ನು ತಿನ್ನುತ್ತವೆ. ಆಳವಿಲ್ಲದ ಕೊನೆಯ ಕೊಳದಲ್ಲಿ ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ. ಜಾಗ ಹೆಚ್ಚು ಬೇಕು, ನಿಜ. ಆದರೆ ಬಿಸಿಲು ನಮ್ಮಲ್ಲಿ ಧಾರಾಳವಾಗಿದೆ. 2021ರ ಅಕ್ಟೋಬರಿನಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಎರಡನೆಯ ಹಂತವು ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳ ಬಳಸಿದ ನೀರಿಗೂ ನೆರವು ಒದಗಿಸುತ್ತದೆ. ಕೇಳುವ ಬಾಯಿ, ಕೊಡುವ ಜಾಗ ಎರಡೂ ಸಿದ್ಧವಿರಬೇಕು.

ನಮ್ಮ ಊರಿನ ಬಳಿ ಬೇಡ ಎನ್ನುವ ಮುನ್ನ

ಜಾಗದ ಮಾತು ಬಂದಾಗ ವಿರೋಧ ಏಳುತ್ತದೆ. ಪಟ್ಟಣದ ಹೊಲಸನ್ನು ನಮ್ಮ ಹಳ್ಳಿಯ ಪಕ್ಕ ಏಕೆ ತರುತ್ತೀರಿ ಎಂದು ಹಳ್ಳಿಗರು ಕೇಳಿದರೆ ಅದರಲ್ಲಿ ತಪ್ಪಿಲ್ಲ. ಕೆಟ್ಟು ನಿಂತ ಕಸದ ಘಟಕಗಳನ್ನು ಕಂಡವರು ಅವರು. ಅವರನ್ನು ಬೈಯುವ ಬದಲು ಒಪ್ಪಂದ ಮಾಡಿಕೊಳ್ಳಬೇಕು. ಘಟಕದ ಸುತ್ತ ಮರಗಳ ಬೇಲಿ, ಹಳ್ಳಿಯ ಬಾವಿಗಳ ನೀರಿಗೆ ನಿಯತವಾದ ಪರೀಕ್ಷೆ, ಗೊಬ್ಬರದಲ್ಲೂ ನೀರಿನಲ್ಲೂ ಮೊದಲ ಪಾಲು, ಉಸ್ತುವಾರಿ ಸಮಿತಿಯಲ್ಲಿ ಹಳ್ಳಿಯವರಿಗೆ ಸ್ಥಾನ. ಇವು ದಯೆಯ ಕೊಡುಗೆಗಳಲ್ಲ. ಅವರಿಗೆ ಸಲ್ಲಬೇಕಾದ ಹಕ್ಕುಗಳು. ಬಾಯಿಲ್ಲದ ಬಡವರ ಕೇರಿಯ ಪಕ್ಕವೇ ಯಾವಾಗಲೂ ಜಾಗ ಸಿಗುವುದು ಆಕಸ್ಮಿಕವಲ್ಲ. ಅದನ್ನು ಭಕ್ತರು ಒಪ್ಪಬಾರದು.

ಶುದ್ಧಗೊಂಡ ನೀರನ್ನು ಬಳಸುವ ಬಗ್ಗೆಯೂ ಅಳುಕಿದೆ. ಹುಬ್ಬಳ್ಳಿ ಧಾರವಾಡದ ಸುತ್ತಲಿನ ರೈತರು ದಶಕಗಳ ಕಾಲ ನಗರದ ಹಸಿ ಕೊಳಚೆಯನ್ನೇ ಹೊಲಕ್ಕೆ ತಿರುಗಿಸಿಕೊಂಡವರು. ಬೇಸಿಗೆಯಲ್ಲೂ ನೀರು ಸಿಕ್ಕಿತು, ಗೊಬ್ಬರದ ಖರ್ಚು ಉಳಿಯಿತು. ಜೊತೆಗೆ ಕಳೆ, ಕೀಟ ಹೆಚ್ಚಿದವು. ಬರಿಗಾಲಿನಲ್ಲಿ ಕೆಲಸ ಮಾಡುವವರಿಗೆ ಜಂತುಹುಳುವಿನ ಅಪಾಯ ಬಂದಿತು. ನೀರಿನ ಆಸೆಗೆ ಶುದ್ಧೀಕರಣವನ್ನು ಬಿಟ್ಟರೆ ಆಗುವುದು ಇದು. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಹರಿಯುತ್ತಿದೆ. ಬತ್ತಿದ ಕೆರೆಗಳು ತುಂಬಿದವು. ಆದರೆ ಆರಂಭದ ತಿಂಗಳುಗಳಲ್ಲೇ ಕೆರೆಯಲ್ಲಿ ನೊರೆ ಕಂಡು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಎರಡನೆಯ ಹಂತಕ್ಕೇ ನಿಲ್ಲಿಸದೆ ಮೂರನೆಯ ಹಂತದವರೆಗೆ ಶುದ್ಧಗೊಳಿಸಿ ಎಂಬ ಬೇಡಿಕೆ ಅಲ್ಲಿನ ಜನರದು. ಇವೆರಡರಿಂದ ನಮಗೆ ತಿಳಿಯುವುದಿಷ್ಟು: ಸಣ್ಣ ಪಟ್ಟಣದ ಶುದ್ಧ ನೀರನ್ನು ಅಡಿಕೆ, ತೆಂಗು, ಮರಗಿಡ, ಮೇವಿನ ಬೆಳೆಗೆ ಕೊಡಬಹುದು, ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮೂಲಂಗಿಗೆ ಕೊಡಬಾರದು, ಪರೀಕ್ಷೆಯಿಲ್ಲದೆ ಯಾವ ಕೆರೆಗೂ ಬಿಡಬಾರದು. ಚನ್ನಗಿರಿಯ ತೋಟಕ್ಕೂ ಜಗಳೂರಿನ ಒಣಭೂಮಿಗೂ ಈ ನೀರು ಬೇಸಿಗೆಯ ಆಸರೆಯಾಗಬಲ್ಲದು.

ಕಟ್ಟುವುದಕ್ಕಿಂತ ನಡೆಸುವುದು ಕಷ್ಟ

ದೇಶದ ಸ್ಥಾವರಗಳು ತಮ್ಮ ಸಾಮರ್ಥ್ಯಕ್ಕಿಂತ ಕಡಿಮೆ ನಡೆಯುತ್ತಿವೆಯೆಂದು ಮೇಲೆ ಹೇಳಿದೆವು. ಉದ್ಘಾಟನೆಗೆ ಹಣ ಸಿಗುತ್ತದೆ, ನಿರ್ವಹಣೆಗೆ ಸಿಗುವುದಿಲ್ಲ. ಪಂಪು ಸುಟ್ಟರೆ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ನಡೆಸುವವನಿಗೆ ತರಬೇತಿಯಿರುವುದಿಲ್ಲ. ಗಾಡಿಗಳು ದೂರದ ಘಟಕಕ್ಕೆ ಹೋಗುವ ಬದಲು ಹತ್ತಿರದ ಹಳ್ಳಕ್ಕೇ ಹೋಗುತ್ತವೆ. ಕೆಸರೇ ಬಾರದ ಘಟಕ ಒಣಗಿ ನಿಲ್ಲುತ್ತದೆ.

ಆದ್ದರಿಂದ ಪುರಸಭೆ, ಪಟ್ಟಣ ಪಂಚಾಯಿತಿಗಳ ಮುಂದೆ ನಾವು ಇಡಬೇಕಾದ ಬೇಡಿಕೆಗಳು ಸ್ಪಷ್ಟವಾಗಿರಲಿ. ಮನೆ ಮನೆಯ ಗುಂಡಿಗಳ ಪಟ್ಟಿ ಸಿದ್ಧವಾಗಲಿ. ಸಕ್ಕಿಂಗ್ ಗಾಡಿಗಳೆಲ್ಲ ನೋಂದಣಿಯಾಗಲಿ, ಘಟಕದಲ್ಲಿ ಸುರಿದ ರಸೀದಿಯಿಲ್ಲದೆ ಅವುಗಳಿಗೆ ಹಣ ಸಲ್ಲದಿರಲಿ. ಘಟಕದಿಂದ ಹೊರಬರುವ ನೀರಿನ ಪರೀಕ್ಷೆ ತಿಂಗಳಿಗೊಮ್ಮೆ ನಡೆದು, ಅದರ ಫಲಿತಾಂಶ ಕಚೇರಿಯ ಸೂಚನಾಫಲಕದಲ್ಲಿ ಕನ್ನಡದಲ್ಲಿ ಪ್ರಕಟವಾಗಲಿ. ಮುಂದಿನ ಹತ್ತು ವರ್ಷದ ನಿರ್ವಹಣೆಯ ಹಣ ಎಲ್ಲಿಂದ ಬರುತ್ತದೆಂದು ಶಂಕುಸ್ಥಾಪನೆಯ ದಿನವೇ ಹೇಳಲಿ.

ನಾವು ಮಾಡಬಹುದಾದುದು

ಬೇಡಿಕೆಯ ಜೊತೆಗೆ ನಮ್ಮ ಪಾಲಿನ ಕೆಲಸವೂ ಇದೆ. ಹೊಸ ಮನೆ ಕಟ್ಟುವವರು ವಾಸ್ತು ನೋಡುವಷ್ಟೇ ಶ್ರದ್ಧೆಯಿಂದ ಗುಂಡಿಗೂ ಬಾವಿಗೂ ಇರುವ ಅಂತರವನ್ನು ನೋಡಲಿ. ಮುಚ್ಚಳದ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಡದೆ ಗಾಡಿಯ ಕೊಳವೆ ಇಳಿಯುವಷ್ಟು ಬಾಯಿ ಬಿಡಲಿ. ಹಳ್ಳಿಗಳಲ್ಲಿ ಜಾಗವಿರುವವರು ಒಂದರ ಬದಲು ಎರಡು ಗುಂಡಿ ಮಾಡಿಕೊಂಡು ಸರದಿಯಂತೆ ಬಳಸಲಿ. ತುಂಬಿದುದನ್ನು ಮುಚ್ಚಿ ಒಂದೆರಡು ವರ್ಷ ಬಿಟ್ಟರೆ ಅದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಆ್ಯಸಿಡ್, ಫಿನೈಲುಗಳನ್ನು ಶೌಚಾಲಯಕ್ಕೆ ಅತಿಯಾಗಿ ಸುರಿದರೆ ಟ್ಯಾಂಕಿನೊಳಗೆ ಕೊಳೆಯಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಮುಟ್ಟಿನ ಪ್ಯಾಡು, ಮಕ್ಕಳ ಡೈಪರು, ಪ್ಲಾಸ್ಟಿಕ್ಕನ್ನು ಅದರೊಳಕ್ಕೆ ಹಾಕಿದರೆ ಕೊಳವೆ ಕಟ್ಟುತ್ತದೆ. ಕಟ್ಟಿದ ಕೊಳವೆಯೇ ಒಬ್ಬ ಮನುಷ್ಯನನ್ನು ಗುಂಡಿಗೆ ಇಳಿಸುತ್ತದೆ. ಹಿತ್ತಲಿರುವವರು ಬಚ್ಚಲ ನೀರನ್ನು ಬಾಳೆ, ತೆಂಗಿನ ಪಾತಿಗೆ ತಿರುಗಿಸುವ ಹಿಂದಿನವರ ರೂಢಿಯನ್ನು ಮುಂದುವರಿಸಲಿ.

ಮಠಗಳೂ, ಅವುಗಳ ವಿದ್ಯಾರ್ಥಿನಿಲಯಗಳೂ, ಕಲ್ಯಾಣಮಂಟಪಗಳೂ ಇದರಿಂದ ಹೊರತಲ್ಲ. ಸಾವಿರ ಜನರಿಗೆ ದಾಸೋಹ ನಡೆಯುವ ಕಡೆ ಸಾವಿರ ಜನರ ಎಂಜಲು ನೀರೂ ಹುಟ್ಟುತ್ತದೆ. ಅನ್ನದಾಸೋಹಕ್ಕೆ ಉದಾರವಾಗಿ ಕೊಡುವ ಭಕ್ತರು ಜಾತ್ರೆಯ ಶೌಚಾಲಯಗಳ ನಿರ್ವಹಣೆಗೆ, ವಿದ್ಯಾರ್ಥಿನಿಲಯದ ಕೊಳಚೆ ಶುದ್ಧೀಕರಣಕ್ಕೆ ಕೊಡಲು ಹಿಂಜರಿಯಬೇಕಾಗಿಲ್ಲ. ಅದಕ್ಕೆ ಹೆಸರು ಕೆತ್ತಿದ ಫಲಕ ಹಾಕಲು ಯಾರೂ ಬಯಸದಿರಬಹುದು. ಆದರೆ ಉಂಡು ಹೋದ ಮಗು ಭೇದಿಯಿಂದ ನರಳದಿರುವುದೂ ದಾಸೋಹದ ಭಾಗವೇ.

ತಾಲ್ಲೂಕಿನ ಮುಂದಿನ ವಾರ್ಡ್ ಸಭೆಯಲ್ಲೋ ಗ್ರಾಮಸಭೆಯಲ್ಲೋ ಒಬ್ಬೊಬ್ಬ ಭಕ್ತರಾದರೂ ಎದ್ದು ನಿಂತು ಒಂದೇ ಪ್ರಶ್ನೆ ಕೇಳಲಿ: ನಮ್ಮ ಊರಿನ ಗುಂಡಿಗಳಿಂದ ತೆಗೆದುದನ್ನು ಈಗ ಎಲ್ಲಿ ಸುರಿಯುತ್ತಿದ್ದೀರಿ? ಉತ್ತರ ಸಿಗುವವರೆಗೆ ಕೇಳುತ್ತಿರಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ ಈ ಪ್ರಶ್ನೆ ಒಟ್ಟಿಗೆ ಎದ್ದರೆ ಕೆಲಸ ಆರಂಭವಾಗಲು ಬಹಳ ದಿನ ಹಿಡಿಯದು ಎಂದು ನಾವು ನಂಬಿದ್ದೇವೆ.